ಬೀಳದ ಬಳೆಗಾರ

“ಅಜ್ಜಯ್ಯ, ಫೋನಿಗೆ ವಿಮೆ ಮಾಡಿಸಬೇಕೋ, ಬೇಡವೋ?”

ಹಾಲೇಶ ಕೇಳಿದ್ದು ಇಷ್ಟೇ. ಮಠದ ಕಟ್ಟೆಯ ಮೇಲೆ ಕೂತು ದಾಸೋಹಕ್ಕೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಯ್ಯ ತಲೆ ಎತ್ತಿ ನೋಡಿದರು. ಹಾಲೇಶ ಮನೆಗಳಿಗೆ ಟೈಲ್ಸ್ ಹಾಕುವವನು. ಸೋಮವಾರಕ್ಕೊಮ್ಮೆ ಮಠಕ್ಕೆ ಬಂದು ಅಜ್ಜಯ್ಯನ ಹತ್ತಿರ ಕೂತು ಹೋಗುವುದು ಅವನ ರೂಢಿ. ಇವತ್ತು ಸೋಮವಾರವಲ್ಲ. ಆದರೂ ಬಂದಿದ್ದ. ಕೈಯಲ್ಲಿ ಹೊಸ ಫೋನಿನ ಡಬ್ಬಿ ಇತ್ತು. ಅದನ್ನು ಕೆಳಗಿಡಲೂ ಅವನಿಗೆ ಮನಸ್ಸು ಬರುತ್ತಿರಲಿಲ್ಲ.

“ಬೆಳಿಗ್ಗೆ ತಗೊಂಡೆ. ಅಂಗಡಿಯವನು ವಿಮೆ ಮಾಡಿಸಿ ಅಂತಾನೆ. ಬಿದ್ದು ಒಡೆದರೆ, ನೀರಿಗೆ ಬಿದ್ದರೆ ಕಂಪನಿಯವರೇ ಸರಿ ಮಾಡಿಸಿಕೊಡುತ್ತಾರಂತೆ. ಸಂಜೆಯೊಳಗೆ ಹೇಳಬೇಕಂತೆ. ಮಾಡಿಸಿ, ವರ್ಷವಿಡೀ ಏನೂ ಆಗಲಿಲ್ಲ ಅನ್ನಿ, ಕೊಟ್ಟ ದುಡ್ಡು ದಂಡ. ಮಾಡಿಸದೆ, ನಾಳೆಯೇ ಒಡೆಯಿತು ಅನ್ನಿ, ನನ್ನಂಥ ದಡ್ಡ ಇನ್ನೊಬ್ಬ ಇಲ್ಲ. ಬೆಳಗಿನಿಂದ ತಲೆ ಕೆಟ್ಟುಹೋಗಿದೆ ಅಜ್ಜಯ್ಯ.”

“ಇಲ್ಲಿಯವರೆಗೆ ಎಷ್ಟು ಫೋನು ಒಡೆದಿದ್ದೀಯ?”

“ಒಂದೂ ಇಲ್ಲ!” ಹಾಲೇಶನ ಬೆನ್ನು ನೆಟ್ಟಗಾಯಿತು. “ಹನ್ನೊಂದು ವರ್ಷ ಆಯಿತು. ಸಿಮೆಂಟು, ನೀರು, ಕಲ್ಲು ಇದರ ಮಧ್ಯೆಯೇ ನನ್ನ ಕೆಲಸ. ಒಂದು ಗೆರೆ ಬಿದ್ದಿಲ್ಲ. ನನ್ನ ಜೊತೆಯವರು ವರ್ಷಕ್ಕೆ ಎರಡು ಒಡೆಯುತ್ತಾರೆ. ಅವರು ಬೀಳಿಸಿಕೊಂಡಿದ್ದಕ್ಕೆ ನಾನು ಯಾಕೆ ಕೊಡಬೇಕು, ಹೇಳಿ?”

ಅಜ್ಜಯ್ಯ ಅವರೆಕಾಯಿಯ ರಾಶಿಯಲ್ಲಿ ಅರ್ಧವನ್ನು ಅವನ ಕಡೆ ತಳ್ಳಿದರು.

“ಆ ಡಬ್ಬಿ ಕೆಳಗಿಡಪ್ಪ, ಯಾರೂ ಕದಿಯುವುದಿಲ್ಲ. ಒಂದು ಕತೆ ಹೇಳುತ್ತೇನೆ. ಸುಲಿಯುತ್ತಾ ಕೇಳು.”

ಹಾಲೇಶ ಡಬ್ಬಿಯನ್ನು ತೊಡೆಯ ಪಕ್ಕದಲ್ಲೇ ಇಟ್ಟುಕೊಂಡು ಸುಲಿಯತೊಡಗಿದ. ಅಜ್ಜಯ್ಯ ಹೇಳಿದ ಕತೆ ಇದು.

ಒಂದೂರಿನಲ್ಲಿ ಬಳೆಗಾರರ ಕೇರಿ ಇತ್ತು. ಇಪ್ಪತ್ತು ಮನೆ. ಇಪ್ಪತ್ತು ಮನೆಯವರದ್ದೂ ಒಂದೇ ಕಸುಬು. ಗಾಜಿನ ಬಳೆಗಳನ್ನು ದಾರಕ್ಕೆ ಪೋಣಿಸಿ, ಹೊರೆ ಕಟ್ಟಿ, ಹೆಗಲಿಗೆ ಹಾಕಿಕೊಂಡು ಊರೂರು ತಿರುಗುವುದು. ಆ ಹೊರೆಗೆ ಮಲಾರ ಅಂತ ಹೆಸರು. ಮಲಾರ ಕಟ್ಟುವುದೇ ಒಂದು ವಿದ್ಯೆ. ಬಿಗಿ ಸರಿಯಾಗಿದ್ದರೆ ಬಳೆಗೆ ಬಳೆ ತಾಗುವುದಿಲ್ಲ, ಎಷ್ಟು ನಡೆದರೂ ಸದ್ದು ಬರುವುದಿಲ್ಲ. ಸದ್ದು ಬಂತು ಅಂದರೆ ಎಲ್ಲೋ ಸಡಿಲವಾಗಿದೆ ಅಂತ ಲೆಕ್ಕ.

ಗಾಜಿನ ವ್ಯಾಪಾರ. ಒಮ್ಮೆ ಕಾಲು ಜಾರಿದರೆ ತಿಂಗಳ ದುಡಿಮೆ ನೆಲದ ಪಾಲು. ಅದಕ್ಕೆ ಆ ಕೇರಿಯವರು ಒಂದು ಕಟ್ಟಳೆ ಮಾಡಿಕೊಂಡಿದ್ದರು. ಕೇರಿಯ ಚಾವಡಿಯಲ್ಲಿ ಗೋಡೆಯಿಂದ ಗೋಡೆಗೆ ಒಂದು ಬಿದಿರಿನ ಗಳ ಹಾಕಿತ್ತು. ಯಾರೇ ವ್ಯಾಪಾರಕ್ಕೆ ಹೊರಟರೂ ತಮ್ಮ ಹೊರೆಯಿಂದ ಒಂದು ಡಜನ್ ಬಳೆ ತೆಗೆದು, ತಮ್ಮ ಮನೆಯ ದಾರದಲ್ಲಿ ಪೋಣಿಸಿ, ಆ ಗಳಕ್ಕೆ ತೂಗುಹಾಕಿ ಹೋಗಬೇಕು. ಒಬ್ಬೊಬ್ಬರ ಮನೆಗೆ ಒಂದೊಂದು ಬಣ್ಣದ ದಾರ. ಯಾರ ಹೊರೆ ಒಡೆಯುತ್ತದೋ ಅವರು ಬಂದು ಗಳದಿಂದ ಒಂದು ಪೂರ್ತಿ ಹೊರೆ ಇಳಿಸಿಕೊಳ್ಳಬಹುದು. ಯಾಕೆ, ಏನು, ಎತ್ತ ಅಂತ ಯಾರೂ ಕೇಳುವ ಹಾಗಿಲ್ಲ. ಒಂದೇ ನಿಯಮ. ಒಡೆದ ಬಳೆಯ ಚೂರನ್ನೆಲ್ಲ ಆಯ್ದು ತಂದು ಚಾವಡಿಯಲ್ಲಿ ಸುರಿಯಬೇಕು. ಅದು ಸಾಕ್ಷಿಯೂ ಆಯಿತು, ದಾರಿಯಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಉಪಕಾರವೂ ಆಯಿತು.

ಚಾವಡಿಯನ್ನು ನೋಡಿಕೊಳ್ಳುತ್ತಿದ್ದವಳು ಕೇರಿಗೆಲ್ಲ ಹಿರಿಯಳಾದ ಒಬ್ಬ ಮುದುಕಿ. ಎಲ್ಲರೂ ಅವಳನ್ನು ದೊಡ್ಡವ್ವ ಅನ್ನುತ್ತಿದ್ದರು.

ಆ ಕೇರಿಯಲ್ಲಿ ಒಬ್ಬ ಬಳೆಗಾರ ಇದ್ದ. ಇಪ್ಪತ್ತೆರಡು ವರ್ಷ ಮಲಾರ ಹೊತ್ತವನು. ಒಂದು ಸಲವೂ ಬಿದ್ದವನಲ್ಲ. ಹಳ್ಳದ ಪಾಚಿಗಲ್ಲಿನ ಮೇಲೆ ಹಾಡು ಗುನುಗುತ್ತಾ ದಾಟುತ್ತಿದ್ದ. ಗುಡ್ಡದ ಇಳಿಜಾರಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಇಳಿಯುತ್ತಿದ್ದ. ಜನ ಅವನನ್ನು ಬೀಳದ ಬಳೆಗಾರ ಅಂತಲೇ ಕರೆಯುತ್ತಿದ್ದರು. ಅವನ ಕಾಲಿಗೆ ಕಣ್ಣಿದೆ ಅನ್ನುತ್ತಿದ್ದರು. ಕೇಳಿ ಕೇಳಿ ಅವನಿಗೂ ಅದು ನಿಜ ಅನ್ನಿಸಿತ್ತು. ಅನ್ನಿಸದೆ ಏನು ಮಾಡುತ್ತದೆ? ಹೊಗಳಿಕೆಗೆ ಸೋಲದ ಕಿವಿ ಎಲ್ಲಿದೆ ಹೇಳು!

ಅದೇ ಕೇರಿಯಲ್ಲಿ ಇನ್ನೊಬ್ಬ ಬಳೆಗಾರ ಇದ್ದ. ಅವನಿಗೆ ಕಣ್ಣು ಮಂದ. ಬಳೆಯನ್ನು ಮೂಗಿಗೆ ತಾಗಿಸಿಕೊಂಡು ಬಣ್ಣ ಗುರುತಿಸುತ್ತಿದ್ದ. ಅವನು ಬೀಳುವುದು ಹೊಸದಾಗಿರಲಿಲ್ಲ. ಮೊದಲು ಹಳ್ಳದಲ್ಲಿ ಬಿದ್ದ. ಆಮೇಲೆ ಗುಡ್ಡದಲ್ಲಿ. ಮತ್ತೊಂದು ಸಲ ಯಾರದೋ ಮನೆಯ ಹೊಸ್ತಿಲಲ್ಲಿ. ನಾಲ್ಕನೆಯ ಸಲ ಬಿದ್ದದ್ದಂತೂ ಸಮತಟ್ಟು ರಸ್ತೆಯ ಮೇಲೆ, ಮಲಗಿದ್ದ ಎಮ್ಮೆಯನ್ನು ಎಡವಿ. ಅಷ್ಟು ದೊಡ್ಡ ಎಮ್ಮೆ!

ನಾಲ್ಕನೆಯ ಸಲ ಅವನು ಚೂರು ಸುರಿದು ಗಳದಿಂದ ಬಳೆ ಇಳಿಸಿಕೊಳ್ಳುವಾಗ ಬೀಳದ ಬಳೆಗಾರ ಅಲ್ಲೇ ನಿಂತಿದ್ದ. ಇಳಿದ ಬಳೆಗಳಲ್ಲಿ ತಾನೇ ಕಟ್ಟಿದ್ದ ನೀಲಿ ಬಳೆ ಇದ್ದವು. ತನ್ನ ಮನೆಯ ಕೆಂಪು ದಾರ ಇತ್ತು. ಅವನಿಗೆ ಹೊಟ್ಟೆ ಉರಿಯಿತು.

“ದೊಡ್ಡವ್ವ, ಇಪ್ಪತ್ತೆರಡು ವರ್ಷದಿಂದ ಕಟ್ಟುತ್ತಿದ್ದೇನೆ. ಒಂದೇ ಒಂದು ಬಳೆ ವಾಪಸ್ ಮುಟ್ಟಿಲ್ಲ. ಇವನು ಎಮ್ಮೆ ಎಡವುತ್ತಾನೆ, ನಾನು ಬಳೆ ಕೊಡಬೇಕು. ನನ್ನ ಕಾಲು ನೆಟ್ಟಗಿದೆ ಅನ್ನುವುದಕ್ಕೆ ನನಗೆ ದಂಡವಾ?”

ಕಣ್ಣು ಮಂದದವನು ತಲೆ ತಗ್ಗಿಸಿದ. ದೊಡ್ಡವ್ವ ಬೈಯುತ್ತಾಳೆ, ಕೇರಿ ಸೇರಿಸುತ್ತಾಳೆ ಅಂತ ಎಲ್ಲರೂ ಕಾದರು. ಅವಳು ಅಂದದ್ದು ಇಷ್ಟೇ. “ಬೇಡ ಅನ್ನಿಸಿದರೆ ಬಿಡು ಮಗಾ. ಬಲವಂತದ ಗಳ ಅಲ್ಲ ಇದು.”

ಅವನು ಸೊಂಟದಲ್ಲಿದ್ದ ಕೆಂಪು ದಾರದ ಉಂಡೆ ತೆಗೆದು ಚಾವಡಿಯ ಕಿಟಕಿಯ ಮೇಲೆ ಇಟ್ಟು ಎದ್ದುಹೋದ.

ಮಾರನೆಯ ದಿನ ಹೊರಟ. ಚಾವಡಿಯ ಮುಂದೆ ನಿಲ್ಲದೆ ನೇರವಾಗಿ ನಡೆದ. ಹೊರೆಯಲ್ಲಿ ಒಂದು ಡಜನ್ ಹೆಚ್ಚಿಗೆ ಇತ್ತು. ಖುಷಿಯಾಗಿಯೇ ಇದ್ದ. ಹಳ್ಳ ಬಂತು. ಅವೇ ಕಲ್ಲು, ಅದೇ ನೀರು. ಮೊದಲ ಕಲ್ಲಿನ ಮೇಲೆ ಕಾಲಿಟ್ಟ. ಎರಡನೆಯದಕ್ಕೆ ಕಾಲು ಎತ್ತಬೇಕು, ಆಗ ಒಂದು ಮಾತು ತಲೆಗೆ ಬಂತು. ‘ಜಾರಿದರೆ?’

ಇಪ್ಪತ್ತೆರಡು ವರ್ಷದಲ್ಲಿ ಆ ಮಾತು ಅವನ ತಲೆಗೆ ಬಂದೇ ಇರಲಿಲ್ಲ. ಅವತ್ತು ಮೊದಲ ಸಲ ಅವನು ತನ್ನ ಕಾಲನ್ನು ನೋಡಿಕೊಂಡ. ನೋಡಿಕೊಂಡನೋ ಇಲ್ಲವೋ, ಕಾಲು ನಡುಗಿತು. ಹೇಗೋ ದಾಟಿದ. ಆಚೆ ದಡದಲ್ಲಿ ಕೂತು ಹೊರೆ ಬಿಚ್ಚಿ, ಒಂದಾದರೂ ಒಡೆದಿದೆಯಾ ಅಂತ ಒಂದೊಂದೇ ಬಳೆ ಮುಟ್ಟಿ ನೋಡಿದ. ಒಡೆದಿರಲಿಲ್ಲ. ಮತ್ತೆ ಕಟ್ಟಿ ಎದ್ದ.

ಅಲ್ಲಿಂದ ಅದೇ ಅಭ್ಯಾಸವಾಯಿತು. ಹಳ್ಳಕ್ಕೆ ಮೊದಲು ಒಂದು ಸಲ ಬಿಚ್ಚಿ ನೋಡುವುದು, ದಾಟಿದ ಮೇಲೆ ಒಂದು ಸಲ. ಗುಡ್ಡ ಹತ್ತುವಾಗ ಒಂದು ಸಲ, ಇಳಿದ ಮೇಲೆ ಒಂದು ಸಲ. ಹಾಡು ನಿಂತುಹೋಯಿತು. ಎಲೆ ಅಡಿಕೆ ಚೀಲದಲ್ಲೇ ಉಳಿಯಿತು. ಬಳೆ ತೊಡಿಸುವಾಗ ಹೆಂಗಸರನ್ನು ರೇಗಿಸಿ ನಗಿಸುತ್ತಿದ್ದವನು ಈಗ ತುಟಿ ಬಿಗಿದು ಕೂರುತ್ತಿದ್ದ. ತೊಡಿಸುವಾಗ ಒಡೆದ ಬಳೆಗೆ ಬಳೆಗಾರ ದುಡ್ಡು ಕೇಳುವ ಹಾಗಿಲ್ಲ, ಅದು ಕಸುಬಿನ ಮರ್ಯಾದೆ. ಎಷ್ಟೋ ವರ್ಷ ಅವನ ಕೈಯಲ್ಲಿ ಒಂದು ಬಳೆ ಚಟ್ ಅಂದಿರಲಿಲ್ಲ. ಈಗ ಮನೆಗೊಂದರಂತೆ ಒಡೆಯತೊಡಗಿದವು. “ಯಾಕಣ್ಣ, ಕೈಗೆ ಏನಾಗಿದೆ ನಿನಗೆ? ಹುಷಾರಿಲ್ವಾ?” ಅಂತ ಹೆಂಗಸರು ಕೇಳಿದರೆ ಇವನಿಗೆ ಸಿಟ್ಟು ಬರುತ್ತಿತ್ತು.

ಹೀಗೆ ಆರು ಸಲ ಹೊರಟು ಬಂದ. ಏಳನೆಯ ಸಲ ಹೊರಟದ್ದು ಒಂದು ಮದುವೆ ಮನೆಗೆ.

ಎರಡು ಹರದಾರಿ ದೂರದ ಊರು. ಆ ಮನೆಗೆ ಇವನು ಹೊಸಬನಲ್ಲ. ಮದುಮಗಳು ತೊಟ್ಟಿಲಲ್ಲಿದ್ದಾಗ ಅವಳ ಕೈಗೆ ಮೊದಲ ಕರಿಬಳೆ ಹಾಕಿದವನು ಇವನೇ. ಅವಳ ತಾಯಿಗೆ ಒಡಹುಟ್ಟಿದವರು ಯಾರೂ ಇಲ್ಲ. ತವರು ಅಂತ ಹೇಳಿಕೊಳ್ಳುವುದಕ್ಕೆ ಒಂದು ಬಾಗಿಲಿಲ್ಲ. ಅವಳು ಹೇಳಿಕಳಿಸಿದ್ದಳು. “ಅಣ್ಣಾ, ನನ್ನ ಮಗಳಿಗೆ ಸೋದರಮಾವ ಇಲ್ಲ. ತವರಿನ ಹಸಿರು ಬಳೆ ಅಂತ ಅವಳ ಕೈಗೆ ಏರುವುದು ನೀನು ತೊಡಿಸಿದರೇ. ಹೊತ್ತು ಇಳಿಯುವುದರೊಳಗೆ ಬಂದುಬಿಡು. ನಿನ್ನ ಬಳೆ ತೊಟ್ಟ ಮೇಲೆಯೇ ಅರಿಸಿನ ಹಚ್ಚುವುದು.”

ಮಾತು ಕೊಟ್ಟಿದ್ದ. ಇರುವುದರಲ್ಲಿ ಒಳ್ಳೆಯ ಹಸಿರು ಬಳೆಗಳನ್ನೇ ಆರಿಸಿ ಹೊರೆ ಕಟ್ಟಿದ್ದ. ಬೆಳಗಾಗುತ್ತಿದ್ದಂತೆ ಹೊರಟ.

ಹಳ್ಳಕ್ಕೆ ಮೊದಲು ಬಿಚ್ಚಿ ನೋಡಿದ. ದಾಟಿದ ಮೇಲೆ ಬಿಚ್ಚಿ ನೋಡಿದ. ಗುಡ್ಡದ ಬುಡದಲ್ಲಿ ಒಮ್ಮೆ, ನೆತ್ತಿಯಲ್ಲಿ ಒಮ್ಮೆ. ಪ್ರತಿ ಸಲ ಬಿಚ್ಚಿದಾಗಲೂ ದಾರ ಸ್ವಲ್ಪ ಸ್ವಲ್ಪ ಸೋಲುತ್ತಿತ್ತು. ಪ್ರತಿ ಸಲ ಕಟ್ಟುವಾಗಲೂ ಅವಸರ. ಮನೆಯಲ್ಲಿ ಮಂಡಿ ಊರಿ ಕೂತು ಕಟ್ಟುವ ಬಿಗಿ ದಾರಿಯಲ್ಲಿ ಎಲ್ಲಿ ಬರುತ್ತದೆ? ಗುಡ್ಡ ಇಳಿದಾಯಿತು. ಮುಂದೆ ಸಮತಟ್ಟು ದಾರಿ, ಮಗು ಕೂಡ ನಡೆಯುವಂಥದ್ದು. ಹತ್ತು ಹೆಜ್ಜೆ ಹಾಕಿದ. ಹೊರೆಯಿಂದ ಕಿಣಿ ಕಿಣಿ ಸದ್ದು ಬಂತು.

ಬಳೆಗಾರನಿಗೆ ಹೊರೆಯ ಸದ್ದು ಅಂದರೆ ಜೀವ ಹೋದ ಹಾಗೆ. ಬೇರೆ ಯಾವತ್ತೇ ಆಗಿದ್ದರೂ ಮೆಲ್ಲಗೆ ಕೂತು, ಹೊರೆ ಇಳಿಸಿ, ಬಿಗಿ ಮಾಡುತ್ತಿದ್ದ. ಅವತ್ತು ಹೆದರಿದ. ಹೆದರಿ, ಎರಡೂ ಕೈಯಿಂದ ಹೊರೆಯನ್ನು ಎದೆಗೆ ಅವುಚಿಕೊಂಡ. ಕೂಸನ್ನು ಅವುಚಿಕೊಂಡ ಹಾಗೆ ಬಿಗಿಯಾಗಿ ಅವುಚಿಕೊಂಡ. ಸಡಿಲವಾಗಿದ್ದ ಬಳೆಗಳು ಒಂದರ ಮೇಲೊಂದು ಬಿದ್ದು, ಅವನ ಕೈಯ ಕೆಳಗೇ ಚಟಚಟ ಅಂತ ಒಡೆದವು.

ಅವನು ಬಿದ್ದಿರಲಿಲ್ಲ ಹಾಲೇಶ. ಕೇಳಿಸಿಕೋ. ಎರಡೂ ಕಾಲು ನೆಲದ ಮೇಲೆ ನೆಟ್ಟಗಿದ್ದವು.

(ಹಾಲೇಶ ಸುಲಿಯುವುದನ್ನು ನಿಲ್ಲಿಸಿದ್ದ. ತನಗೇ ತಿಳಿಯದೆ ಅವನ ಕೈ ಡಬ್ಬಿಯ ಮೇಲೆ ಹೋಗಿತ್ತು. ಅಜ್ಜಯ್ಯ ನೋಡಿಯೂ ನೋಡದವರ ಹಾಗೆ ಮುಂದುವರಿಸಿದರು.)

ಬಳೆಗಾರ ದಾರಿಯ ಮಧ್ಯೆ ಕೂತುಬಿಟ್ಟ. ಅತ್ತ. ಗಂಡಸು ಅಳಬಾರದು ಅಂತ ಯಾರಾದರೂ ಹೇಳಿದರೆ ಅವರಿಗೆ ಒಂದು ಗಾಜಿನ ಹೊರೆ ಹೊರಿಸಿ ನೋಡಬೇಕು. ಅವನ ಎದೆ ಗೀರಿ ರಕ್ತ ಬಂದಿತ್ತು, ಅದು ಅವನಿಗೆ ಗೊತ್ತೇ ಆಗಲಿಲ್ಲ. ಕಣ್ಣ ಮುಂದೆ ಇದ್ದದ್ದು ಆ ಹುಡುಗಿಯ ಬೋಳು ಕೈ. ‘ತವರಿನ ಬಳೆ ಬರಲಿಲ್ಲ’ ಅಂತ ನಾಲ್ಕು ಜನರ ಮುಂದೆ ಆ ತಾಯಿ ಹೇಗೆ ಹೇಳುತ್ತಾಳೆ?

ಕೇರಿಗೆ ಹೋಗೋಣ ಅಂದರೆ ಗಳದ ಮೇಲೆ ತನ್ನದು ಏನೂ ಇಲ್ಲ. ಕೊಂಡುಕೊಳ್ಳೋಣ ಅಂದರೆ ಸುಗ್ಗಿಯ ಹೊತ್ತು, ಎಲ್ಲ ಮನೆಯವರೂ ಹೊರೆ ಹೊತ್ತು ಹೊರಟಿರುತ್ತಾರೆ. ಸುಳ್ಳು ಹೇಳಿದರೆ? ಬಿದ್ದೆ ಅಂತ ಅತ್ತು ಕರೆದರೆ ದೊಡ್ಡವ್ವನ ಮನಸ್ಸು ಕರಗೀತು. ಪಕ್ಕದಲ್ಲಿ ಒಂದು ಕಲ್ಲಿತ್ತು. ಮಂಡಿಯನ್ನು ಅದಕ್ಕೆ ಉಜ್ಜಿಕೊಂಡರೆ ಬಿದ್ದ ಗಾಯದ ಹಾಗೆ ಕಾಣುತ್ತದೆ. ಬಗ್ಗಿದ ಕೂಡ. ಬಗ್ಗಿದವನಿಗೆ ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷ ಬೀಳದವನು ಅನ್ನಿಸಿಕೊಂಡು, ಬೀಳದೆ ಬಿದ್ದೆ ಅನ್ನಬೇಕಾ?

ಪಂಚೆಯ ಅಂಚಿಗೆ ಚೂರನ್ನೆಲ್ಲ ಆಯ್ದುಕೊಂಡ. ಒಂದು ಚೂರೂ ಬಿಡಲಿಲ್ಲ. ತಿರುಗಿ ಕೇರಿಯ ದಾರಿ ಹಿಡಿದ.

ಚಾವಡಿಯಲ್ಲಿ ದೊಡ್ಡವ್ವ ಒಬ್ಬಳೇ ಇದ್ದಳು. ಇವನ ಮುಖ ನೋಡಿದಳು, ಪಂಚೆಯ ಗಂಟು ನೋಡಿದಳು.

“ಸುರಿ” ಅಂದಳು.

ಸುರಿದ. ಹಸಿರು ಗಾಜು ನೆಲದ ಮೇಲೆ ರಾಶಿಯಾಯಿತು.

“ದೊಡ್ಡವ್ವ, ನಾನು ಬೀಳಲಿಲ್ಲ. ಎದೆಗೆ ಅವುಚಿಕೊಂಡೆ. ನನ್ನ ಕೈಯಾರೆ ಒಡೆದೆ.”

“ಬಿದ್ದವರಿಗೆ ಮಾತ್ರ ಅಂತ ಈ ಚಾವಡಿಯಲ್ಲಿ ಯಾರು, ಯಾವತ್ತು ಹೇಳಿದ್ದಾರೆ? ಒಡೆದವರಿಗೆ ಅಂತ ಅಲ್ವಾ ಇರೋದು?” ದೊಡ್ಡವ್ವ ಆಗಲೇ ಮಣೆ ಹತ್ತಿ ಗಳದಿಂದ ಹಸಿರು ಬಳೆ ಆರಿಸಿ ಇಳಿಸುತ್ತಿದ್ದಳು. “ಯಾವೂರಿಗೆ? ಮದುವೆ ಮನೆಗಾ? ಹಾಗಾದರೆ ಚುಕ್ಕಿ ಇರೋದು ಬೇಡ, ಬರೀ ಹಸಿರು ತಗೋ.”

“ಆದರೆ ನನ್ನ ಪಾಲು ಇಲ್ಲವಲ್ಲ ದೊಡ್ಡವ್ವ. ನಾನು ಏಳು ಸಲದಿಂದ ಕಟ್ಟಿಲ್ಲ.”

ದೊಡ್ಡವ್ವ ಇಳಿಸುವುದನ್ನು ನಿಲ್ಲಿಸಿ, ಇವನ ಕಡೆ ತಿರುಗಿ, ಗಳದ ಆ ಕೊನೆಗೆ ಕೈ ತೋರಿಸಿದಳು. “ಕಣ್ಣು ಬಿಟ್ಟು ನೋಡು.”

ನೋಡಿದ. ಗಳದ ಕೊನೆಯಲ್ಲಿ ಕೆಂಪು ದಾರದ ಬಳೆ ತೂಗುತ್ತಿದ್ದವು. ಒಂದು, ಎರಡು, ಮೂರು. ಏಳು ಡಜನ್. ಅವನ ಮನೆಯ ದಾರವೇ. ಅವನು ಕಿಟಕಿಯ ಮೇಲೆ ಇಟ್ಟುಹೋದ ಉಂಡೆಯ ದಾರವೇ. ಹತ್ತಿರ ಹೋಗಿ ಗಂಟು ಮುಟ್ಟಿ ನೋಡಿದ. ಅವನು ಹಾಕುವ ಗಂಟು ಅಲ್ಲ. ಇದು ಕಡಲೆಕಾಯಿಯಷ್ಟು ದಪ್ಪ ಇತ್ತು. ಗಂಟು ಬಿದ್ದಿತೋ ಇಲ್ಲವೋ ಕಣ್ಣಿಗೆ ಕಾಣದೆ, ಇರಲಿ ಅಂತ ಮೇಲೊಂದು, ಅದರ ಮೇಲೊಂದು ಹಾಕಿದ ಗಂಟು. ಹಾಗೆ ಗಂಟು ಹಾಕುವವನು ಆ ಕೇರಿಯಲ್ಲಿ ಒಬ್ಬನೇ.

“ನೀನು ಹೊರಟ ದಿನವೆಲ್ಲ ಬರುತ್ತಿದ್ದ” ಅಂದಳು ದೊಡ್ಡವ್ವ. “ಅವತ್ತು ಅವನು ಹೊರಡಲಿ ಬಿಡಲಿ, ಬಂದು ಕಟ್ಟಿ ಹೋಗುತ್ತಿದ್ದ. ಯಾರಿಗೂ ಹೇಳಬೇಡ ಅಂದಿದ್ದ. ನೀನು ಪಾಲಿಲ್ಲ ಅಂದೆ, ಅದಕ್ಕೆ ಹೇಳಿದೆ.”

ಬಳೆಗಾರ ಆ ಏಳು ಗಂಟನ್ನೂ ಒಂದೊಂದಾಗಿ ಮುಟ್ಟಿದ. ಗಳದ ಕೆಳಗೆ ನಿಂತವನು ನಿಂತೇ ಇದ್ದ. ಮೊದಲ ಸಲ ಹಳ್ಳದ ಕಲ್ಲಿನ ಮೇಲೆ ಅವನ ಕಾಲು ನಡುಗಿದಾಗ ಇಲ್ಲಿ ಒಂದು ಡಜನ್ ತೂಗುತ್ತಿತ್ತು. ಎರಡನೆಯ ಸಲ ನಡುಗಿದಾಗ ಎರಡು. ತನಗೆ ಯಾರೂ ಇಲ್ಲ ಅಂದುಕೊಂಡು ಏಳು ಸಲ ದಾರಿಯುದ್ದಕ್ಕೂ ಬೆವರಿದ. ಏಳು ಸಲವೂ ಅವನ ಹೆಸರಿನ ದಾರ ಇಲ್ಲಿ ಇತ್ತು. ಇಪ್ಪತ್ತೆರಡು ವರ್ಷ ಆ ಬಿದಿರಿನ ಗಳ ಅವನ ಬೆನ್ನಿಗಿದ್ದಾಗ ಅದು ಅವನಿಗೆ ಗೊತ್ತಾಗಲಿಲ್ಲ. ಇಲ್ಲ ಅಂದುಕೊಂಡಾಗಲೂ ಅದು ಇತ್ತು, ಆಗಲೂ ಗೊತ್ತಾಗಲಿಲ್ಲ. ದೇವರ ಗುಡಿಯಲ್ಲಿ ಕೂಡ ಅವನು ಹಾಗೆ ಕೈ ಮುಗಿದಿರಲಿಲ್ಲ. ಆ ಬಿದಿರಿಗೆ, ಆ ಒರಟು ಗಂಟುಗಳಿಗೆ ಕೈ ಮುಗಿದ.

“ಆಮೇಲೆ ಮುಗಿಯುವಿಯಂತೆ, ಹೊತ್ತಾಯಿತು” ಅಂತ ದೊಡ್ಡವ್ವ ಗದರಿದಳು.

ಅಲ್ಲೇ ಮಂಡಿ ಊರಿ ಹೊರೆ ಕಟ್ಟಿದ. ಮನೆಯಲ್ಲಿ ಕಟ್ಟುವ ಬಿಗಿಯಲ್ಲಿ ಕಟ್ಟಿದ. ಹೊರಟ. ಹಳ್ಳ ಬಂತು, ಬಿಚ್ಚಿ ನೋಡಲಿಲ್ಲ. ಗುಡ್ಡ ಬಂತು, ಬಿಚ್ಚಿ ನೋಡಲಿಲ್ಲ. ಆ ದಾರಿಯನ್ನು ಅವನು ಅಷ್ಟು ಬೇಗ ಯಾವತ್ತೂ ನಡೆದಿರಲಿಲ್ಲ. ಕಾಲು ಎಲ್ಲಿ ಬೀಳುತ್ತಿದೆ ಅಂತ ನೋಡಲಿಲ್ಲ. ಹೆಗಲ ಮೇಲಿನ ಒಂದು ಬಳೆಯೂ ಸದ್ದು ಮಾಡಲಿಲ್ಲ.

ಮದುವೆ ಮನೆಯ ಚಪ್ಪರದಲ್ಲಿ ಹೆಂಗಸರು ಬಾಗಿಲ ಕಡೆ ನೋಡುತ್ತಾ ಕೂತಿದ್ದರು. ಹೊತ್ತು ಇನ್ನೂ ಒಂದಿಷ್ಟು ಮೇಲಿತ್ತು. ಮದುಮಗಳ ತಾಯಿ ಓಡಿ ಬಂದಳು.

“ಎಷ್ಟು ತಡ ಅಣ್ಣಾ! ನನ್ನ ಜೀವ ಬಾಯಿಗೆ ಬಂದಿತ್ತು. ಬೆಳಿಗ್ಗೆ ಹೊರಡಲಿಲ್ವಾ?”

“ಎರಡು ಸಲ ಹೊರಟೆ ಕಣವ್ವ” ಅಂದ.

ಹುಡುಗಿಯ ಕೈ ಹಿಡಿದು ಬಳೆ ಏರಿಸಿದ. ಒಂದೂ ಚಟ್ ಅನ್ನಲಿಲ್ಲ. ಕೊಸರು ಅಂತ ಕೈಗೊಂದೊಂದು ಹೆಚ್ಚಿಗೆ ತೊಡಿಸಿದ. ಎಷ್ಟೋ ದಿನದ ಮೇಲೆ ಹಾಡಿದ ಕೂಡ. ಹುಡುಗಿ ಬಗ್ಗಿ ಅವನ ಕಾಲು ಮುಟ್ಟಿದಳು. ‘ಈ ನಮಸ್ಕಾರ ನನಗಲ್ಲ ತಾಯಿ’ ಅಂತ ಹೇಳಬೇಕು ಅನ್ನಿಸಿತು. ಹೇಳದೆ ಉಳಿದ ಬಳೆಗಳನ್ನು ಹೊರೆ ಕಟ್ಟಿದ.

ಊಟಕ್ಕೆ ಕೂಡ ನಿಲ್ಲದೆ ಕೇರಿಗೆ ಬಂದ. ನೇರವಾಗಿ ಕಣ್ಣು ಮಂದದವನ ಮನೆಗೆ ಹೋದ. ಅವನು ಜಗಲಿಯ ಮೇಲೆ ಕೂತು, ಬಳೆಗಳನ್ನು ಮೂಗಿಗೆ ತಾಗಿಸಿಕೊಂಡು ಬಣ್ಣ ಬೇರೆ ಮಾಡುತ್ತಿದ್ದ.

“ಯಾಕೋ ತಮ್ಮ ಹೀಗೆ ಮಾಡಿದೆ? ಎಲ್ಲರ ಮುಂದೆ ನಿನ್ನನ್ನು ಆಡಿಕೊಂಡೆ. ನನ್ನ ಹೆಸರಿನಲ್ಲಿ ನೀನು ಯಾಕೆ ಕಟ್ಟಿದೆ?”

ಅವನು ಗಾಬರಿಯಾಗಿ ಎದ್ದು ನಿಂತ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ. ಆಮೇಲೆ ಮೆಲ್ಲಗೆ ಹೇಳಿದ.

“ನಾಲ್ಕು ಸಲ ಬಿದ್ದವನು ನಾನು ಅಣ್ಣ. ನಾಲ್ಕು ಸಲವೂ ಗಳದಿಂದ ಬಳೆ ಇಳಿಸಿಕೊಂಡು ಬಂದು, ಮನೆಯಲ್ಲಿ ಬಿಚ್ಚುವಾಗ ಒಂದೊಂದೇ ದಾರವನ್ನು ಕಣ್ಣ ಹತ್ತಿರ ಹಿಡಿದು ನೋಡುತ್ತಿದ್ದೆ. ಯಾರ ಅನ್ನ ತಿನ್ನುತ್ತಿದ್ದೇನೆ ಅಂತ ಗೊತ್ತಿರಬೇಕಲ್ಲ. ನಾಲ್ಕು ಸಲವೂ ಕೆಂಪು ದಾರ ಇತ್ತು. ಬೀಳದವನೇ ನನಗೋಸ್ಕರ ಕಟ್ಟಿದ್ದಾನೆ ಅಂದರೆ, ನಾನು ಬಿದ್ದರೂ ಏಳುತ್ತೇನೆ ಅಂತ ಧೈರ್ಯ. ಆ ಧೈರ್ಯದ ಮೇಲೆ ಮತ್ತೆ ಹೊರೆ ಹೊರುತ್ತಿದ್ದೆ. ನೀನು ಬಿಟ್ಟೆ. ಗಳದ ಮೇಲಿದ್ದ ಕೆಂಪೆಲ್ಲ ಆಗಲೇ ನನ್ನ ಹೊರೆಗೆ ಇಳಿದಿತ್ತು, ಮಾರನೆಯ ದಿನ ಹೊರಡುವಾಗ ಅಲ್ಲಿ ಕೆಂಪು ಕಾಣಲಿಲ್ಲ. ನನಗೆ ಚಾವಡಿಯ ಮೆಟ್ಟಿಲು ಇಳಿಯಲು ಆಗಲಿಲ್ಲ ಅಣ್ಣ. ಕಿಟಕಿಯ ಮೇಲೆ ನಿನ್ನ ದಾರ ಇತ್ತು. ಕಟ್ಟಿದೆ. ಆಮೇಲೆ ಕಾಲು ಬಂತು.”

ಬೀಳದ ಬಳೆಗಾರ ಅವನ ಪಕ್ಕದಲ್ಲಿ ಜಗಲಿಯ ಮೇಲೆ ಕೂತ. ಅವನ ಕೈಯಿಂದ ಬಳೆ ತೆಗೆದುಕೊಂಡು ಹಸಿರನ್ನು ಒಂದು ಕಡೆ, ನೀಲಿಯನ್ನು ಒಂದು ಕಡೆ ಬೇರೆ ಮಾಡತೊಡಗಿದ. ಆವತ್ತಿನಿಂದ ಆ ಇಬ್ಬರೂ ಜೊತೆಯಲ್ಲೇ ಹೊರಡುತ್ತಿದ್ದರಂತೆ. ಹಳ್ಳ ದಾಟುವಾಗ ಯಾರು ಯಾರ ಕೈ ಹಿಡಿಯುತ್ತಿದ್ದರು ಅಂತ ಮಾತ್ರ ಕೇರಿಯವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಅಜ್ಜಯ್ಯ ಕತೆ ನಿಲ್ಲಿಸಿ ಸುಲಿದ ಕಾಳನ್ನು ಮೊರಕ್ಕೆ ಸುರಿದರು.

ಹಾಲೇಶ ಕೆಳಗೆ ಬಿದ್ದಿದ್ದ ಎರಡು ಕಾಳು ಆಯ್ದು ಮೊರಕ್ಕೆ ಹಾಕಿದ. ಅವನ ಎದೆಯಲ್ಲಿ ಏನೋ ದೊಡ್ಡದು ಬಂದು ಕೂತ ಹಾಗಿತ್ತು. ಅದಕ್ಕೆ ಹೆಸರು ಇಡಲು ಅವನಿಗೆ ಬರಲಿಲ್ಲ. ತಾನು ಬಂದ ಕೆಲಸವನ್ನು ನೆನಪಿಸಿಕೊಂಡ.

“ಕತೆ ಚೆನ್ನಾಗಿದೆ ಅಜ್ಜಯ್ಯ. ಮೈಯೆಲ್ಲ ಒಂಥರಾ ಆಯಿತು. ಆದರೆ ಅವರು ಒಂದೇ ಕೇರಿಯವರು, ಒಬ್ಬರ ಮುಖ ಒಬ್ಬರು ಬಲ್ಲವರು. ನನಗೆ ಆ ಕಂಪನಿಯವರು ಯಾರು, ನಾನು ಅವರಿಗೆ ಯಾರು? ಅಲ್ಲಿ ಯಾವ ದೊಡ್ಡವ್ವ ಕೂತಿರುತ್ತಾಳೆ? ನಾನು ಈಗ ಮಾಡಿಸಲೋ, ಬೇಡವೋ?”

“ಅವರು ಕೊಟ್ಟ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ಪೂರ್ತಿ ಓದು. ಒಡೆದರೆ ಇನ್ನೊಂದು ಕೊಳ್ಳುವ ಶಕ್ತಿ ನಿನಗೆ ಇದೆಯಾ ಅಂತ ನೋಡಿಕೋ. ಇದ್ದರೆ ಬಿಡು, ಇಲ್ಲದಿದ್ದರೆ ಮಾಡಿಸು. ಇದಕ್ಕೆಲ್ಲ ಮಠಕ್ಕೆ ಬರಬೇಕೇನಯ್ಯ?”

“ಅಷ್ಟೇನಾ?” ಹಾಲೇಶನಿಗೆ ನಗು ಬಂತು. “ಇಷ್ಟು ಹೇಳೋದಕ್ಕೆ ಅಷ್ಟುದ್ದ ಕತೆ ಯಾಕೆ ಅಜ್ಜಯ್ಯ?”

ಅಜ್ಜಯ್ಯ ಮೊರ ಎತ್ತಿಕೊಂಡು ಎದ್ದು ನಿಂತರು. ಒಳಗೆ ಹೋಗುವ ಮುಂಚೆ ಅವನ ತಲೆಯ ಮೇಲೆ ಒಂದು ಗಳಿಗೆ ಕೈ ಇಟ್ಟರು.

“ಹನ್ನೊಂದು ವರ್ಷದಿಂದ ಕಲ್ಲು ನೀರಿನ ಮಧ್ಯೆ ಓಡಾಡಿದ್ದೀಯ, ಏನೂ ಆಗಲಿಲ್ಲ ಅಂದೆಯಲ್ಲ ಮಗಾ, ಅದೆಲ್ಲ ನಿನ್ನೊಬ್ಬನ ಕೈಯದೇ ಅಂತ ಯಾರು ಹೇಳಿದರು ನಿನಗೆ?”

ಹಾಲೇಶ ಡಬ್ಬಿಯನ್ನು ಕಟ್ಟೆಯ ಮೇಲೆಯೇ ಬಿಟ್ಟು, ಉಳಿದ ಅವರೆಕಾಯಿ ಬಾಚಿಕೊಂಡು ಅಜ್ಜಯ್ಯನ ಹಿಂದೆ ಒಳಗೆ ಹೋದ.